ಅವ್ವ ಹತ್ತದ ದೋಣಿ

ಮೊನ್ನೆ ರಾಮನಗರದ ಸಿಗ್ನಲ್ಲಿನಲ್ಲಿ ನನ್ನ ಸ್ಕೂಟರಿನ ಮುಂದೆ ಒಂದು ಟೆಂಪೊ ನಿಂತಿತ್ತು. ಹಿಂಬದಿಯಲ್ಲಿ ಎರಡು ಹಸು, ಅವುಗಳ ಕಾಲ ಸಂದಿಯಲ್ಲಿ ನೆಂದ ಗೋಣಿಚೀಲಗಳು. ಮಳೆ ಆಗಷ್ಟೇ ನಿಂತಿತ್ತು. ಡೀಸೆಲ್ ಹೊಗೆ, ದನದ ಮೈಯ ಬಿಸಿ, ಒದ್ದೆ ಗೋಣಿಯ ಮುಗ್ಗಲು, ಮೂರೂ ಒಟ್ಟಿಗೆ ಮೂಗಿಗೆ ಬಡಿದವು. ಹಸಿರು ದೀಪ ಬಿದ್ದರೂ ನಾನು ಕದಲಲಿಲ್ಲ. ಹಿಂದಿನವನು ಹಾರನ್ ಹೊಡೆದು ಹೊಡೆದು ಸಾಕಾಗಿ, "ಏನಮ್ಮಾ, ಇಲ್ಲೇ ಮನೆ ಮಾಡ್ತೀರಾ?" ಅಂದ. ಆ ವಾಸನೆಯಲ್ಲಿ ನಾನು ಮನೆ ಮಾಡಿದ್ದು ನಿಜವೇ. ಹುಟ್ಟಿದಾಗಿನಿಂದ ಅದನ್ನೇ ಉಸಿರಾಡಿಕೊಂಡು ಬೆಳೆದವಳು ನಾನು. ಹಳೆಯ ಮನೆಯ ವಾಸನೆ ಬಂದರೆ ನಿಮಗೆಲ್ಲ ಕಣ್ಣು ಒದ್ದೆಯಾಗಬಹುದು. ನನಗೆ ಹಾಗಲ್ಲ, ಮೊದಲು ಹೆದರಿಕೆಯಾಗುತ್ತದೆ. ಅಳು ಬರುವುದು ಆಮೇಲೆ.

ನಮ್ಮ ಮನೆ ಕನಕಪುರ ತಾಲ್ಲೂಕಿನಲ್ಲಿ, ಅರ್ಕಾವತಿಯ ಹಿನ್ನೀರಿನ ದಡದಲ್ಲಿತ್ತು. ಅಣೆಕಟ್ಟು ಬರುವ ಮುಂಚೆ ಅಲ್ಲಿದ್ದದ್ದು ಹಳ್ಳದಂಥ ಹೊಳೆ, ಬೇಸಿಗೆಯಲ್ಲಿ ಹೆಂಗಸರು ಸೀರೆ ಎತ್ತಿಕಟ್ಟಿ ದಾಟುತ್ತಿದ್ದರಂತೆ. ನೀರು ನಿಂತಮೇಲೆ ರಸ್ತೆ ಅದರೊಳಗೆ ಹೋಯಿತು, ಊರಿನವರ ಅರ್ಧ ಜಮೀನು ಆಚೆ ದಡದಲ್ಲಿ ಉಳಿಯಿತು. ಸುತ್ತಿಕೊಂಡು ಹೋದರೆ ಹೊತ್ತು ಮುಳುಗುತ್ತಿತ್ತು. ಆಗ ನಮ್ಮ ತಾತ ಎರಡು ಮರದ ದೋಣಿ ತಂದು, ಅಕ್ಕಪಕ್ಕ ಕಟ್ಟಿ, ಮೇಲೆ ದಪ್ಪ ಹಲಗೆ ಹಾಸಿ ಬೋಲ್ಟು ಬಿಗಿಸಿದರು. ಅದು ಜೋಡಿ ದೋಣಿ. ದೋಣಿ ಅನ್ನುವ ಮಾತು ಕ್ರಮೇಣ ಬಿದ್ದುಹೋಗಿ ಬರೀ ಜೋಡಿ ಆಯಿತು. "ಜೋಡಿ ಬಂತೇನ್ಲಾ?" "ಅಗೋ, ಜೋಡಿ ಬುಡ್ತಾ ಐತೆ, ಓಡು!" ಇದೇ ನಮ್ಮ ಊರಿನ ಬೆಳಗು. ತಾತನ ಕಾಲದಲ್ಲಿ ದಡದಿಂದ ದಡಕ್ಕೆ ಕಟ್ಟಿದ ಹಗ್ಗ ಹಿಡಿದು ಎಳೆಯುತ್ತಿದ್ದರು. ಅಪ್ಪನ ಕಾಲಕ್ಕೆ ಹಳೆಯ ಪಂಪ್‌ಸೆಟ್ಟಿನ ಎಂಜಿನ್ ಬಂದು ಕೂತಿತು, ಅದರ ಡಬಡಬ ಸದ್ದು ಆಚೆ ದಡದ ಗುಡ್ಡಕ್ಕೆ ಬಡಿದು ವಾಪಸ್ಸು ಬರುತ್ತಿತ್ತು. ಜೋಡಿ ಹೊರದ ವಸ್ತುವಿಲ್ಲ. ಕಣ್ಣಿಗೆ ಗೋಣಿ ಕಟ್ಟಿದ ಎತ್ತು, ಗಾಡಿ, ರಾಗಿ ಮೂಟೆ, ಹಾಲಿನ ಕ್ಯಾನು, ರಾಮನಗರದ ಮಾರ್ಕೆಟ್ಟಿಗೆ ಹೊರಟ ರೇಷ್ಮೆಗೂಡಿನ ಚೀಲ, ಕಲ್ಲುಕ್ವಾರಿಯವರ ಜೀಪು, ಸ್ಕೂಟರು, ಮತಪೆಟ್ಟಿಗೆ, ಒಮ್ಮೆ ಹೂವಿನ ಅಲಂಕಾರ ಮಾಡಿದ ಅಂಬಾಸಿಡರ್ ಕಾರು. ಆ ಕಾರಿನೊಳಗಿದ್ದ ಮದುವೆ ಗಂಡು ಇಳಿಯುವುದಿಲ್ಲ ಅಂತ ಹಟ ಹಿಡಿದು, ನಡುನೀರಿನಲ್ಲಿ ವಾಂತಿ ಮಾಡಿಕೊಂಡ. ಅಪ್ಪ ಅವನ ಬೆನ್ನು ಸವರುತ್ತ, "ಈಗ್ಲೇ ಎಲ್ಲಾ ಕಕ್ಕುಬುಡಪ್ಪಾ, ಆಮೇಕೆ ಬಾಯ್ ಬುಡಾಕೆ ಅವಕಾಸ ಸಿಕ್ಕಾಕಿಲ್ಲ," ಅಂದರಂತೆ. ಸತ್ತವರನ್ನೂ ಜೋಡಿ ಸಾಗಿಸುತ್ತಿತ್ತು. ಅಂಥ ದಿನ ಅಪ್ಪ ಹಲಗೆಗೆ ನೀರು ಹೊಯ್ದು ತೊಳೆದು, ಮತ್ತೆ ಹಾಲಿನ ಕ್ಯಾನು ಹತ್ತಿಸುತ್ತಿದ್ದರು.

ಇಷ್ಟೆಲ್ಲ ಹೊತ್ತ ಜೋಡಿಯ ಮೇಲೆ ಒಂದು ಸಲ ಬಿಟ್ಟರೆ ಕಾಲಿಡದವಳು ಒಬ್ಬಳೇ, ನಮ್ಮ ಅವ್ವ. ಅವಳು ಕೂಟಗಲ್ಲಿನ ಕಡೆಯವಳು, ಬಾವಿಯ ನೀರನ್ನು ಬಿಟ್ಟರೆ ನಿಂತ ನೀರು ಕಂಡವಳಲ್ಲ. ಮದುವೆಯಾದ ಹೊಸತರಲ್ಲಿ ಆಚೆ ದಡದ ಮನೆದೇವರಿಗೆ ಪೂಜೆ ಕೊಡಲು ಕರೆದೊಯ್ದಾಗ ಹೋಗುವಾಗಲೂ ಬರುವಾಗಲೂ ಕಣ್ಣು ಮುಚ್ಚಿಕೊಂಡೇ ಇದ್ದಳಂತೆ. ದಡಕ್ಕಿಳಿದು, "ಇನ್ ನನ್ನ ಕರೀಬ್ಯಾಡಿ, ದೇವ್ರಿಗೆ ಇಲ್ಲಿಂದ್ಲೇ ಕೈ ಮುಗೀತೀನಿ," ಅಂದವಳು ಮಾತಿಗೆ ತಪ್ಪಲಿಲ್ಲ. ನಮ್ಮ ಜಗಲಿಯಿಂದ ಅಣೆಕಟ್ಟು ಕಾಣುತ್ತಿತ್ತು. ಮಳೆಗಾಲದಲ್ಲಿ ಗೇಟು ಎತ್ತಿದರೆ ಅದರ ಮೊರೆತ ಒಲೆಯ ಮುಂದೆ ಕೂತವರಿಗೂ ಕೇಳುತ್ತಿತ್ತು, ನೀರು ಸದ್ದಿಲ್ಲದೆ ಅತ್ತ ಸರಿಯುತ್ತಿತ್ತು. ಆ ದಿನಗಳಲ್ಲಿ ಅವ್ವ ಮನೆಯೊಳಗೆ ನಿಲ್ಲುತ್ತಲೇ ಇರಲಿಲ್ಲ. ಸೊಪ್ಪು ಸೋಸುವುದು ಜಗಲಿಯ ಮೇಲೆ, ರಾಗಿ ಕೇರುವುದು ಜಗಲಿಯ ಮೇಲೆ, ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿದ್ದರೂ ಕಣ್ಣು ಜೋಡಿಯ ಮೇಲೆ. ಹೊರಡುವಾಗ ತಲೆ ಎಣಿಸುತ್ತಿದ್ದಳು, ಆಚೆ ಇಳಿಯುವಾಗ ಕಣ್ಣು ಕಿರಿದು ಮಾಡಿ ಮತ್ತೆ ಎಣಿಸುತ್ತಿದ್ದಳು. ಕೊನೆಯ ಸರದಿಯ ಎಂಜಿನ್ ಸದ್ದು ಈಚೆ ದಡಕ್ಕೆ ಬಂದು ನಿಂತ ಮೇಲೇ ಮುದ್ದೆಗೆ ಎಸರಿಡುವುದು. ಅಪ್ಪನಿಗೆ ಹಸಿವು ತಡೆಯುತ್ತಿರಲಿಲ್ಲ. "ಮೊದ್ಲೇ ತೊಳಸಿಡಾಕೇನು? ನಾನೇನ್ ಲಂಡನ್ನಿಗೆ ಹೋಯ್ತೀನಾ?" ಎಂದು ಗೊಣಗುತ್ತಿದ್ದರು. ಅವ್ವ ಮುದ್ದೆ ಕೋಲನ್ನು ಪಾತ್ರೆಗೆ ಬಡಿಯುತ್ತ, "ಬರ್ನಿಲ್ಲ ಅಂದ್ರೆ ಯಾರಿಗ್ ಹಾಕ್ಲಿ ಅದ್ನ?" ಅನ್ನುತ್ತಿದ್ದಳು. ಆ ಒಂದು ಮಾತಿಗೆ ನಾನು ಅಪ್ಪನ ಪಕ್ಕಕ್ಕೆ ಸರಿದು ಕೂರುತ್ತಿದ್ದೆ. ಅಪ್ಪನಿಗೆ ಮಾತ್ರ ಹೆದರಿಕೆಯೆಂಬುದೇ ಇರಲಿಲ್ಲ, ನಗುತ್ತ ಇನ್ನಷ್ಟು ಸಾರು ಹಾಕಿಸಿಕೊಳ್ಳುತ್ತಿದ್ದರು.

ಆಚೆ ದಡದಲ್ಲಿ ನಮ್ಮ ಅತ್ತೆ ಇದ್ದಳು, ಅಪ್ಪನ ತಂಗಿ ಜಯಮ್ಮ. ಮಾವ ಕ್ವಾರಿಯ ಕೆಲಸಕ್ಕೆ ಹೋಗುತ್ತಿದ್ದುದರಿಂದ ಹಿಪ್ಪುನೇರಳೆ ತೋಟವೂ ರೇಷ್ಮೆಹುಳದ ಮನೆಯೂ ಅವಳದೇ ದರ್ಬಾರು. ದೊಡ್ಡ ಬಾಯಿ, ದೊಡ್ಡ ನಗು. ಆ ದಡದಲ್ಲಿ ನಿಂತು ಕೂಗಿದರೆ ಈ ದಡಕ್ಕೆ ಕೇಳಿಸುತ್ತಿತ್ತು ಅಂದರೆ ನೀವು ನಂಬಬೇಕು. ಹುಳ ಸಾಕುವಾಗ ಮಾತ್ರ ಅವಳು ಬೇರೆಯೇ ಮನುಷ್ಯಳು. ಪಿಸುಮಾತು, ಹಗುರ ಹೆಜ್ಜೆ. ಹುಳದ ಮನೆಗೆ ಒಗ್ಗರಣೆಯ ಹೊಗೆ ತಾಕಬಾರದು, ಕೈಗೆ ಸೋಪಿನ ವಾಸನೆ ಇರಬಾರದು, ಕೈಕಾಲು ತೊಳೆಯದೆ ಹೊಸಿಲು ದಾಟಬಾರದು. ಸೊಪ್ಪು ಹಾಕಿದ ಮೇಲೆ ಹುಳ ಮೇಯುವ ಸದ್ದು ಸಣ್ಣ ಮಳೆಯಂತೆ ಕೇಳುತ್ತಿತ್ತು, ಅತ್ತೆ ಅದನ್ನು ಕೇಳುತ್ತ ಗೋಡೆಗೊರಗಿ ಹಾಗೇ ತೂಕಡಿಸುತ್ತಿದ್ದಳು. ಸರಿಯಾಗಿ ಮಲಗಿ ನಿದ್ದೆ ಮಾಡುವುದು ಬೆಳೆ ಮುಗಿದ ಮೇಲೇ.

ನಾನು ಇನ್ನೂ ಸಣ್ಣವಳಿದ್ದ ಒಂದು ವರ್ಷ, ಆಷಾಢದಲ್ಲಿ ಅವಳ ಹುಳ ಹಣ್ಣಾದವು. ಹಣ್ಣಾದ ಹುಳ ಕಾಯುವುದಿಲ್ಲ. ಮೈ ಹಳದಿಗೆ ತಿರುಗಿ ತಲೆಯೆತ್ತಿ ಆಡಿಸತೊಡಗಿದರೆ ತಕ್ಷಣ ಆರಿಸಿ ಚಂದ್ರಿಕೆಗೆ ಬಿಡಬೇಕು. ಚಂದ್ರಿಕೆ ಗೊತ್ತಲ್ಲ, ಆಳೆತ್ತರದ ಬಿದಿರಿನ ತಟ್ಟಿ, ಅದರ ಮೇಲೆ ಸುರುಳಿ ಸುರುಳಿಯಾಗಿ ಬಿದಿರಿನ ಪಟ್ಟಿ, ಆ ಸಂದಿಯಲ್ಲಿ ಕೂತು ಹುಳ ಗೂಡು ಕಟ್ಟುತ್ತದೆ. ಹುಳ ಆರಿಸುವುದಕ್ಕೆ ಸಣ್ಣ ಕೈಗಳೇ ವಾಸಿ ಎಂದು ಅತ್ತೆ ನನ್ನನ್ನು ಕರೆಸಿಕೊಂಡಿದ್ದಳು. ಅವ್ವನಿಗೆ ಸುತಾರಾಂ ಇಷ್ಟವಿರಲಿಲ್ಲ. "ಗಾಳಿ ಕಾಲ, ಮಗ ಬ್ಯಾಡ," ಅಂದಳು. ಅಪ್ಪ ನನ್ನನ್ನು ಎತ್ತಿ ಜೋಡಿಯ ಮೇಲೆ ಕೂರಿಸಿಕೊಂಡೇ ಬಿಟ್ಟರು. ನಾವು ಹುಳವನ್ನೆಲ್ಲ ಚಂದ್ರಿಕೆಗೆ ಬಿಟ್ಟ ಮಾರನೆಯ ಬೆಳಿಗ್ಗೆ, ಮಳೆಗೆ ನೆನೆದಿದ್ದ ಹುಳದ ಮನೆಯ ಗೋಡೆ ಒಂದು ಮೂಲೆಯಿಂದ ಕುಸಿಯಿತು. ಹೆಂಚು ಜಾರತೊಡಗಿದವು. ಹುಳಕ್ಕೇನೂ ಆಗಿರಲಿಲ್ಲ, ಆಗಲೇ ತೆಳ್ಳಗೆ ನೂಲು ಬಿಟ್ಟಿದ್ದವು. ಆದರೆ ಇನ್ನೊಂದು ಮಳೆ ಬಂದರೆ ಮುಗಿಯಿತು. ಅತ್ತೆಯ ವಾಸದ ಮನೆಯಲ್ಲಿ ಅಷ್ಟು ಚಂದ್ರಿಕೆ ನಿಲ್ಲಿಸುವ ಜಾಗವಿರಲಿಲ್ಲ, ನಮ್ಮ ಮನೆಯ ಪಡಸಾಲೆಯಲ್ಲಿತ್ತು. "ಅಣ್ಣಾ, ನಿನ್ ಮನೆಗ್ ಸಾಗಿಸ್ಬುಡು, ಗೂಡ್ ಕಟ್ಟೋವರ್ಗೂ ಇರ್ಲಿ," ಅಂದಳು ಅತ್ತೆ. ಅಪ್ಪ ಆಯಿತೆಂದರು.

ಇಲ್ಲೇ ಆದದ್ದು ತಪ್ಪು. ಹುಳ ಸಾಕುವವರಲ್ಲದೆ ಇನ್ನಾರೂ ಮಾಡಲಾರದ ತಪ್ಪು. ನಮ್ಮ ಕಡೆ ಹುಳ ಬಿಟ್ಟ ಚಂದ್ರಿಕೆಯನ್ನು ಮಲಗಿಸುವುದಿಲ್ಲ, ಅಂಗಳದಲ್ಲಿ ಓರೆಯಾಗಿ ಒರಗಿಸಿ, ಗಾಳಿಗೆ ಮುಖಮಾಡಿ ನಿಲ್ಲಿಸುತ್ತೇವೆ. ಗೂಡು ಕಟ್ಟುವ ಮುಂಚೆ ಹುಳ ಉಚ್ಚೆ ಹೊಯ್ಯುತ್ತದೆ, ಗಾಳಿಯಾಡದಿದ್ದರೆ ಗೂಡಿಗೆಲ್ಲ ಕಲೆ. ಎಳೆ ಮಕ್ಕಳಿಗೂ ಗೊತ್ತಿರುವ ಮಾತಿದು. ಜೋಡಿಯ ಮೇಲೂ ಹಾಗೇ ನಿಲ್ಲಿಸಿದರು. ಅತ್ತೆ, "ಒಸಿ ಈ ಕಡೀಕ್ ತಿರುಗ್ಸು, ಗಾಳಿ ಹಿಂಗಿಂದ ಬತ್ತಾ ಐತೆ," ಅಂತ ಹೇಳಿ ಹೇಳಿ, ಸಾಲಾಗಿ ಕಟಕಟೆಗೆ ಹಗ್ಗದಿಂದ ಬಿಗಿಸಿದಳು. ಅಪ್ಪನೂ ಹುಳದ ಮನೆಯಲ್ಲೇ ಬೆಳೆದವರು. ನೀರಿನ ಮೇಲೆ ಆಯುಷ್ಯ ಕಳೆದ ಮನುಷ್ಯನ ಕೈ ಕೂಡ ಅಂಗಳದಲ್ಲಿ ಮಾಡಿದಂತೆಯೇ ಒಂದೊಂದನ್ನೂ ಗಾಳಿಗೆ ತಿರುಗಿಸಿ ನಿಲ್ಲಿಸಿತು. ಯಾರಿಗೂ ಹೊಳೆಯಲಿಲ್ಲ. ದಡದಲ್ಲಿ ಗುಡ್ಡದ ಮರೆ ಇತ್ತು, ಗಾಳಿ ಮೆಲ್ಲಗಿತ್ತು. ಜೋಡಿಯ ಮೇಲೆ ಇದ್ದದ್ದು ಅಪ್ಪ, ಅತ್ತೆ, ನಾನು, ಮತ್ತು ಆ ಹುಳಗಳು.

ಗುಡ್ಡದ ಮರೆ ದಾಟಿದ್ದೇ ತಡ ಗಾಳಿ ಬಂದು ಬಡಿಯಿತು. ಚಂದ್ರಿಕೆಗಳೆಲ್ಲ ಒಟ್ಟಿಗೆ ಕಿರ್ರೆಂದವು, ಜೋಡಿ ಒಮ್ಮೆ ಮೈ ಜಾಡಿಸಿತು, ಆಮೇಲೆ ತನ್ನಷ್ಟಕ್ಕೆ ಮೂತಿ ತಿರುಗಿಸತೊಡಗಿತು. ಅಪ್ಪ ಚುಕ್ಕಾಣಿಯ ಮೇಲೆ ಮೈಭಾರ ಹಾಕಿದರೂ ತಿರುಗುವುದು ನಿಲ್ಲಲಿಲ್ಲ. ಎಂಜಿನ್ ಅದೇ ಡಬಡಬ ಅನ್ನುತ್ತಿತ್ತು, ನಮ್ಮ ಮನೆ ಮಾತ್ರ ಇದ್ದ ಜಾಗದಲ್ಲಿರಲಿಲ್ಲ. ಎದುರಿಗಿರಬೇಕಾದದ್ದು ಪಕ್ಕಕ್ಕೆ ಹೋಗಿ, ಎದುರಿಗೆ ಅಣೆಕಟ್ಟು ಬಂತು. ಗೇಟು ಎತ್ತಿದ್ದರು. ಆ ಮೊರೆತವನ್ನು ನಾನು ಅದುವರೆಗೆ ಜಗಲಿಯಿಂದ ಕೇಳಿದ್ದೆ, ನೀರಿನ ಮೇಲೆ ಕೂತು ಕೇಳಿರಲಿಲ್ಲ. ಕಾಲ ಕೆಳಗಿನ ಹಲಗೆಯೊಳಗಿಂದ ಬಂದು ಹಲ್ಲು ನಡುಗಿಸುತ್ತಿತ್ತು. ನಾನು ಕಟಕಟೆ ಅಪ್ಪಿಕೊಂಡೆ. ನಮ್ಮ ದಡದಲ್ಲಿ ಒಂದು ಕೆಂಪು ಸೀರೆ ಓಡುತ್ತಿತ್ತು. ಅವ್ವ. ಲಂಟಾನದ ಪೊದೆಯೊಳಗೆ ಮಾಯವಾಗುತ್ತಿದ್ದಳು, ಮತ್ತೆ ಹೊರಗೆ ಬರುತ್ತಿದ್ದಳು. ಕೂಗುತ್ತಿದ್ದಳೆಂದು ಬಾಯಿ ನೋಡಿದರೆ ಗೊತ್ತಾಗುತ್ತಿತ್ತು, ಸದ್ದು ಮಾತ್ರ ನನ್ನವರೆಗೆ ಬರುತ್ತಿರಲಿಲ್ಲ.

"ಜಯಾ, ಚಂದ್ರಿಕೆ ಮಲಗ್ಸೇ! ಗಾಳಿ ಅದಕ್ ಹೊಡೀತಾ ಐತೆ, ಮಲಗ್ಸು!" ಅಪ್ಪ ಕೂಗಿದರು. ಸಾಲಾಗಿ ನಿಂತ ತಟ್ಟಿಗಳು ಹಾಯಿಪಟದಂತೆ ಗಾಳಿ ಹಿಡಿಯುತ್ತಿವೆ ಎಂದು ಅವರಿಗೆ ಆಗ ಹೊಳೆದಿತ್ತು. ಅತ್ತೆಗೂ ಹೊಳೆಯಿತು, ಮುಖ ನೋಡಿದರೆ ತಿಳಿಯುತ್ತಿತ್ತು. ಆದರೂ ಅವಳು ಚಂದ್ರಿಕೆಗಳಿಗೆ ಎರಡೂ ತೋಳು ಚಾಚಿ ಅಡ್ಡ ನಿಂತಳು. "ಒಂದ್ರ್ ಮ್ಯಾಲೊಂದ್ ಮಲಗ್ಸುದ್ರೆ ಅಪ್ಪಚ್ಚಿ ಆಗೋಯ್ತವೆ ಕಣಣ್ಣಾ! ಒಂದೂ ಉಳಿಯಾಕಿಲ್ಲ!" ಅಪ್ಪನ ದನಿ ಒಡೆದುಹೋಯಿತು. "ಮಗ ಐತಲ್ಲೇ ಇಲ್ಲಿ! ಮಗ ಐತೆ!" ಅತ್ತೆ ನನ್ನ ಕಡೆ ತಿರುಗಿದಳು. ಆ ನೋಟ ನನಗೆ ಇವತ್ತಿಗೂ ಕನಸಿನಲ್ಲಿ ಬರುತ್ತದೆ, ಏಕೆಂದರೆ ಒಂದು ಗಳಿಗೆ, ಒಂದೇ ಗಳಿಗೆ, ಅವಳು ನನ್ನನ್ನೂ ಹುಳಗಳನ್ನೂ ತೂಗಿ ನೋಡಿದಳು. ಅವಳನ್ನು ನಾನು ದೂರುವುದಿಲ್ಲ. ತಿಂಗಳಿಡೀ ನಿದ್ದೆಗೆಟ್ಟು ಸಾಕಿದ್ದಳು. ಆಮೇಲೆ ಹಲ್ಲಿನಲ್ಲೇ ಹಗ್ಗದ ಗಂಟು ಕಚ್ಚಿ ಎಳೆದಳು. ಮೊದಲ ಚಂದ್ರಿಕೆ ಧಡ್ಡೆಂದು ಹಲಗೆಗೆ ಬಿತ್ತು, ಅದರ ಮೇಲೆ ಎರಡನೆಯದು, ಅದರ ಮೇಲೆ ಇನ್ನೊಂದು. ಮಲಗಿಸಿದರೂ ಗಾಳಿ ಅವುಗಳ ಅಂಚು ಎತ್ತುತ್ತಿತ್ತು. ಅತ್ತೆ ಸೆರಗು ಸಿಕ್ಕಿಸಿ, ನನ್ನನ್ನೂ ಎಳೆದುಕೊಂಡು, ಅವುಗಳ ಮೇಲೆ ಕೂತುಬಿಟ್ಟಳು. ನಮ್ಮ ಭಾರಕ್ಕೆ ಕೆಳಗೆ ಮೆತ್ತಗೆ ಏನೋ ಕುಗ್ಗಿದ್ದು ಗೊತ್ತಾಯಿತು. ಹಸಿ ಸೊಪ್ಪಿನ ಘಾಟು ಮೇಲೆದ್ದಿತು.

ಜೋಡಿ ನಿಧಾನವಾಗಿ ಮಾತು ಕೇಳಿತು. ಅಪ್ಪ ಅದನ್ನು ಓರೆಯಾಗಿ ಎಳೆದೆಳೆದು, ನಮ್ಮ ಮನೆಯಿಂದ ಎಷ್ಟೋ ಕೆಳಗೆ, ಅಣೆಕಟ್ಟಿನ ಕಲ್ಲುಗಳ ಹತ್ತಿರ ದಡಕ್ಕೆ ತಾಗಿಸಿದರು. ಅವ್ವ ಅಷ್ಟರಲ್ಲಿ ಅಲ್ಲಿಗೆ ಬಂದಿದ್ದಳು. ಚಪ್ಪಲಿ ಎಲ್ಲೋ ಹೋಗಿತ್ತು, ಕಾಲೆಲ್ಲ ಮುಳ್ಳು ಗೀರಿದ ರಕ್ತ. ನನ್ನನ್ನು ಕೆಳಗಿಳಿಸಿಕೊಂಡು ಕೆನ್ನೆಗೆ ಎರಡು ಬಿಟ್ಟಳು. ಆಮೇಲೆ ಉಸಿರು ಕಟ್ಟುವಂತೆ ಅವಚಿಕೊಂಡಳು. ಅತ್ತೆ ಚಂದ್ರಿಕೆಗಳ ಮೇಲಿಂದ ಏಳಲೇ ಇಲ್ಲ. "ನನ್ ಮಕ್ಕಳ ಮ್ಯಾಲ್ ಕುಂತ್ಕಂಡ್ ಬಂದ್ಬುಟ್ಟೆ ಕಣತ್ತಿಗೇ," ಎಂದು ಎದೆಯೊಡೆದು ಅತ್ತಳು. ಅವ್ವ ದಡದಿಂದಲೇ ಬಾಗಿ ಅವಳ ತಲೆ ಸವರಿದಳು. ಆ ಗಲಾಟೆಯಲ್ಲಿ ಅಪ್ಪನನ್ನು ಯಾರೂ ನೋಡಲಿಲ್ಲ. ನಾನು ನೋಡಿದೆ. ಎಂಜಿನ್ ನಿಂತು ಎಷ್ಟೋ ಹೊತ್ತಾಗಿದ್ದರೂ ಅಪ್ಪ ಚುಕ್ಕಾಣಿ ಬಿಟ್ಟಿರಲಿಲ್ಲ. ಎರಡೂ ಕೈಯಿಂದ ಅದನ್ನು ಅದುಮಿ ಹಿಡಿದಿದ್ದರು.

ಮಾರನೆಯ ಬೆಳಿಗ್ಗೆ ಹಾಲಿನವರು, ಸ್ಕೂಲಿಗೆ ಹೋಗುವ ಮಕ್ಕಳು, ಗಾಡಿಯವರು ಎಲ್ಲ ಬಂದು ನಿಂತಿದ್ದರು. ಅಪ್ಪ ಜೋಡಿಯವರೆಗೆ ಹೋದರು, ಕಟಕಟೆಯ ಮೇಲೆ ಕೈಯಿಟ್ಟು ಸುಮ್ಮನೆ ನಿಂತರು, ವಾಪಸ್ಸು ಬಂದು ಹೊಟ್ಟೆನೋವು ಅಂದರು. ಮರುದಿನವೂ ಹೊಟ್ಟೆನೋವು. ಊರಿನವರಿಗೆ ತಮಾಷೆ. "ಏನಣ್ಣೋ, ಬಸುರಿಯೇನೋ!" ಅಂತ ಒಬ್ಬ ಕೂಗಿದ್ದಕ್ಕೆ ಎಲ್ಲರೂ ನಕ್ಕರು, ಅಪ್ಪನೂ ಹಲ್ಲು ಕಿರಿದರು. ಒಳಗೆ ಬಂದವರ ಮುಖ ನೋಡಿ ನನಗೆ ನೀರಿನ ಮೇಲೆ ಆದದ್ದಕ್ಕಿಂತ ಹೆಚ್ಚು ದಿಗಿಲಾಯಿತು. ಅಪ್ಪನೇ ಹೆದರಿದರೆ ನಮಗೆ ಇನ್ಯಾರು ಗತಿ? ಅವ್ವ ಒಲೆಯ ಮುಂದಿನಿಂದ ಎದ್ದು ಬಂದು, ಜಗಲಿಯ ಮೇಲೆ ನಿಂತು, ಹೊರಗಿನವರಿಗೆ ಕೇಳುವಂತೆ ಗಟ್ಟಿಯಾಗಿ ಹೇಳಿದಳು: "ನಾಳಿಂದ ನಾನೂ ಜೋಡೀಲಿ ಬತ್ತೀನಿ. ಮನೇಲ್ ಒಬ್ಳೇ ಕುಂತ್ಕಂಡ್ ಎದೆ ಬಡ್ಕಳಾಕ್ ಆಯ್ಕಿಲ್ಲ ನನ್ಗೆ. ನನ್ನ ಕರ್ಕಂಡೋಗಾದಾದ್ರೆ ಜೋಡಿ ಬುಡಿ, ಇಲ್ದಿದ್ರೆ ಬುಡ್ಬ್ಯಾಡಿ." ಜನ ಅಯ್ಯೋ ಅಕ್ಕಾ ಎಂದು ನಕ್ಕರು. ಹೆದರುಪುಕ್ಕಲಿ ಹೆಂಡತಿಯನ್ನು ಸುಧಾರಿಸುವುದಕ್ಕೆ ಅಪ್ಪ ಎರಡು ದಿನ ಜೋಡಿ ನಿಲ್ಲಿಸಿದ್ದರು ಎಂದು ಊರಿಗೆ ಊರೇ ನಂಬಿತು.

ಹೀಗೆ ಅವ್ವ ಜೋಡಿ ಹತ್ತಿದಳು. ಅಪ್ಪನ ಪಕ್ಕ, ಎಂಜಿನ್ನಿಗೆ ಒತ್ತಿಕೊಂಡು ಕೂರುತ್ತಿದ್ದಳು. ಮಡಿಲಲ್ಲಿ ಅವರೆಕಾಯಿ ಹಾಕಿಕೊಂಡು, ಕಣ್ಣು ಮುಚ್ಚಿಕೊಂಡೇ ಸುಲಿಯುತ್ತಿದ್ದಳು. "ಏನಕ್ಕಾ, ಕಂಡಕ್ಟರ್ ಆಗ್ಬುಟ್ಯಾ?" ಅಂದರೆ, "ಊಂ ಕಣಪ್ಪಾ, ನಿನ್ ನೀರಿಗ್ ಇಳ್ಸೋ ಜಾಗ ಬಂದ್ರೆ ಹೇಳ್ತೀನಿ, ಕುಂತ್ಕೋ," ಅನ್ನುತ್ತಿದ್ದಳು, ಕಣ್ಣು ಬಿಡದೆಯೇ. ಒಮ್ಮೆ ಅತ್ತೆಯ ಮನೆಯಿಂದ ಬರುವಾಗ ನಾನು ಅವರ ಹಿಂದೆ ಕೂತಿದ್ದೆ. ಗುಡ್ಡದ ಮರೆ ದಾಟುವ ಜಾಗ ಬಂತು. ಅಪ್ಪನ ಎಡಗೈ ಮೆಲ್ಲಗೆ ಚಾಚಿ ಅವ್ವನ ಸೆರಗಿನ ತುದಿ ಹಿಡಿಯಿತು, ಮುಷ್ಟಿಗೆ ಸುತ್ತಿಕೊಂಡಿತು, ದಡ ಸಿಗುವವರೆಗೂ ಬಿಡಲಿಲ್ಲ. ಅವ್ವನ ಬೆರಳು ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಲೂ ಇಲ್ಲ. ಇಬ್ಬರಲ್ಲಿ ಯಾರು ಯಾರನ್ನು ದಾಟಿಸುತ್ತಿದ್ದರೋ ನಾನು ಕೇಳಲಿಲ್ಲ, ಅವರೂ ನನ್ನೆದುರು ಎಂದೂ ಅದನ್ನು ಆಡಲಿಲ್ಲ. ನನ್ನ ಪಾಡು ಮಾತ್ರ ಕೆಟ್ಟಿತು. ಈಗ ಇಬ್ಬರೂ ನೀರಿನ ಮೇಲೆ. ಜಗಲಿಯ ಮೇಲೆ ನಿಂತು ತಲೆ ಎಣಿಸುವ ಕೆಲಸ ನನ್ನ ಪಾಲಿಗೆ ಬಂತು. ಸಂಜೆಯ ಕೊನೆಯ ಸರದಿ ಒಂಚೂರು ತಡವಾದರೆ ಪುಸ್ತಕ ಹಿಡಿದರೂ ನನಗೆ ಅಕ್ಷರ ಕಾಣುತ್ತಿರಲಿಲ್ಲ. ಅವ್ವ ಇಷ್ಟು ವರ್ಷ ಇದನ್ನು ಹೇಗೆ ತಡೆದುಕೊಂಡಳಪ್ಪಾ ಅನ್ನಿಸುತ್ತಿತ್ತು.

ನಾನು ಕಾಲೇಜಿಗೆ ಹೋಗುವ ಹೊತ್ತಿಗೆ ಸೇತುವೆ ಬಂತು. ಜೋಡಿಯನ್ನು ದಡಕ್ಕೆ ಎಳೆದು ಬೋಲ್ಟು ಬಿಚ್ಚಿದರು. ಹಲಗೆ ಯಾರದೋ ಕೊಟ್ಟಿಗೆಗೆ ಹೋದವು, ಎಂಜಿನ್ ಗುಜರಿಗೆ, ಎರಡು ದೋಣಿಯಲ್ಲಿ ಒಂದು ಬಿಸಿಲಿಗೆ ಬಿರುಕುಬಿಟ್ಟಿತು, ಇನ್ನೊಂದರಲ್ಲಿ ಅತ್ತೆ ಕೆಲವು ಕಾಲ ದನಕ್ಕೆ ನೀರಿಟ್ಟಳು. ಸೇತುವೆಯ ರಸ್ತೆ ಹಾದುಹೋಗಬೇಕಾದದ್ದು ಸರಿಯಾಗಿ ನಮ್ಮ ಪಡಸಾಲೆಯ ಮೇಲೆ, ಮನೆ ಕೆಡವಿದರು. ಈಗ ನೀವು ಕಾರಿನಲ್ಲಿ ಆ ಕಡೆ ಹೋದರೆ ನಮ್ಮ ಅಡುಗೆಮನೆಯ ಮೇಲೆ ಹಾದು ಹೋಗುತ್ತೀರಿ, ನಿಮಗೆ ಗೊತ್ತೂ ಆಗುವುದಿಲ್ಲ. ಸೇತುವೆಯ ಮೇಲೆ ಮೊದಲ ಸಲ ನಡೆದಾಗ ಅಪ್ಪ ನಟ್ಟನಡುವೆ ನಿಂತು ಕೆಳಗೆ ನೋಡಿದರು, "ಇಷ್ಟೇ ನೀರಾ?" ಅಂದರು. ಅವ್ವ ಅವರ ರಟ್ಟೆ ಹಿಡಿದು, "ಸಾಕು ನಡೀರಿ," ಅಂತ ಎಳೆದುಕೊಂಡು ಹೋದಳು. ಅಪ್ಪ ನೀರಿನಲ್ಲಿ ಹೋಗಲಿಲ್ಲ. ಕನಕಪುರದ ಬಾಡಿಗೆ ಮನೆಯಲ್ಲಿ, ಹಾಸಿಗೆಯ ಮೇಲೆ, ಅವ್ವ ಪಕ್ಕದಲ್ಲಿ ಕೂತಿರುವಾಗ ಹೋದರು. ಅತ್ತೆಯೂ ಈಗಿಲ್ಲ. ಆ ಬೆಳೆ ಹೋದದ್ದಕ್ಕೆ ಅವಳು ನನ್ನನ್ನು ಯಾವತ್ತೂ ಒಂದು ಮಾತು ಅನ್ನಲಿಲ್ಲ, ನನ್ನ ಮದುವೆಗೆ ತಾನೇ ಬೆಳೆದ ಗೂಡಿನ ರೇಷ್ಮೆ ಸೀರೆ ಅಂತ ಒಂದನ್ನು ತಂದು ಉಡಿಸಿದಳು.

ಅಪ್ಪ ಹೋದ ಮೇಲೆ ಅವ್ವ ರಾಮನಗರಕ್ಕೆ, ಮದುವೆ ಮುರಿದು ಒಬ್ಬಳೇ ಇದ್ದ ನನ್ನ ಜೊತೆಗೆ ಬಂದಳು. ನಮ್ಮ ಬೀದಿಯಲ್ಲಿ ನೀರೆಂದರೆ ನಲ್ಲಿಯ ನೀರು, ಅದೂ ದಿನ ಬಿಟ್ಟು ದಿನ. ಆದರೂ ಸಂಜೆ ನಾನು ಆಫೀಸಿನಿಂದ ಬರುವ ಹೊತ್ತಿಗೆ ಗೇಟಿನ ಹತ್ತಿರ ನಿಂತಿರುತ್ತಿದ್ದಳು. ಐದು ನಿಮಿಷ ತಡವಾದರೆ ಪಕ್ಕದ ಮನೆಯವರನ್ನೆಲ್ಲ ಎಬ್ಬಿಸಿ ಫೋನು ಮಾಡಿಸುತ್ತಿದ್ದಳು. ನನಗೆ ನಾಚಿಕೆ, ಸಿಟ್ಟು. "ನಾನ್ ಬರೋ ದಾರೀಲೆಲ್ಲೈತವ್ವಾ ಹೊಳೆ? ನಾನೇನ್ ಮಗೂನಾ?" ಅಂತ ರೇಗಿದರೆ, "ಹೊಳೆ ಇಲ್ದಿದ್ರೇನು, ನೀ ಬರ್ಬೇಕಲ್ಲ ಮಗಾ," ಅನ್ನುತ್ತಿದ್ದಳು. ಆಮೇಲೆ ಒಳಗೆ ಹೋಗಿ ಒಲೆ ಹಚ್ಚುತ್ತಿದ್ದಳು. ಹೋದ ವರ್ಷ ಅವ್ವನೂ ಹೋದಳು. ಈಗ ನಾನು ಎಷ್ಟು ಹೊತ್ತಿಗಾದರೂ ಬರಬಹುದು. ಮೊನ್ನೆ ಆ ಟೆಂಪೊದ ಹಿಂದೆ ನಿಂತು, ಆಮೇಲೆ ಎಲ್ಲೆಲ್ಲೋ ಸುತ್ತಿ, ಕತ್ತಲಾದ ಮೇಲೆ ಮನೆಗೆ ಬಂದೆ. ಬೀಗ ತೆಗೆದು ಒಳಗೆ ಹೋದೆ. ನಾನು ಬಂದೆನೋ ಇಲ್ಲವೋ ಎಂದು ಹೆದರಿಕೊಂಡು ನಿಂತವರು ಯಾರೂ ಇರಲಿಲ್ಲ.